ಸಾಹುಕಾರರ ಪಡಸಾಲೆಯ ಕಪ್ಪು ವೃತ್ತ

ರಾಣೆಬೆನ್ನೂರಿನ ಚನ್ನವೀರ ಸಾಹುಕಾರರು ಹೊಸ ಮನೆಯ ಪಡಸಾಲೆಯಲ್ಲಿ, ದಿವಾನದ ಹಿಂದಿನ ಗೋಡೆಗೆ, ಚಿತ್ರವೊಂದನ್ನು ತೂಗುಹಾಕಿಸಿದರು. ಬಿಳಿ ಕ್ಯಾನ್ವಾಸು, ನಡುವೆ ಕಪ್ಪು ವೃತ್ತ, ಅಷ್ಟೇ.

“ಮ್ಯೂಸಿಯಂ ದರ್ಜೆ ಪ್ರಿಂಟು ಇದು. ಗೃಹಪ್ರವೇಶಕ್ಕ ಬಂದವರ ತಲಿ ಎಣ್ಣಿ ತಾಗಿದ್ರ ನಾಳಿಂದ ನಿನಗ ಕೆಲಸಿಲ್ಲ. ಹಂಗಂತ ಬೀಗರಿಗೆ ಒರಗಬ್ಯಾಡ್ರಿ ಅಂತ ಅನ್ನಬ್ಯಾಡ,” ಎಂದು ಆಳು ದುರುಗೇಶನಿಗೆ ತಾಕೀತು ಮಾಡಿದರು.

ಓಣಿಯಲ್ಲೇ ತನ್ನಷ್ಟು ಬುದ್ಧಿವಂತನಿಲ್ಲವೆಂದು ನಂಬಿದ್ದ ದುರುಗೇಶ ಚೌಕಟ್ಟಿನ ಮೇಲೊಂದು ಸೇವಂತಿಗೆ ಏರಿಸಿ, ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿ ಸುಮ್ಮನೆ ನಿಂತ. ಬಂದವರೆಲ್ಲ ದೂರದಿಂದಲೇ ಕೈಮುಗಿದರು. ದಿವಾನದ ಮೇಲೆ ಒಬ್ಬರೂ ಕೂರಲಿಲ್ಲ.

ಸಾಹುಕಾರರು ಬಂದು ನೋಡಿ ಕೆಂಡವಾದರು.

“ಏನಲೇ ಇದು?”

“ನಾ ಯಾರಿಗೂ ಏನೂ ಹೇಳಿಲ್ರಿ ಧಣಿ. ಎಣ್ಣಿ ತಾಗೇತೇನ್ ನೋಡ್ರಿ.”

ಒಂದು ಕಲೆಯೂ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬೀಗಿತ್ತಿಯ ದನಿ ಬಂತು: “ದೇವರ ಮುಂದ ಚಪ್ಪಲಿ ಹಾಕ್ಕೊಂಡು ನಿಂತೀರಲ್ರಿ ಬೀಗರ?”

ಸಾಹುಕಾರರು ಚಪ್ಪಲಿ ಹೊರಗೆ ಬಿಟ್ಟು ಬಂದು, ತಾವೂ ಕೈಮುಗಿದರು.