ಎಮ್ಮೆ ಮೊದಲು ಕರುವಿಗೇ ಹಾಲು ಇಳಿಸುವುದೇಕೆ

ಲೋಕ ಇನ್ನೂ ಹಸಿಮಣ್ಣಿನ ವಾಸನೆ ಹೊಡೆಯುತ್ತಿದ್ದ ಕಾಲ. ಆಗ ಯಾರ ಕೊರಳಿಗೂ ಹಗ್ಗ ಇರಲಿಲ್ಲ. ಎಮ್ಮೆಗಳು ಹೊಳೆಯಲ್ಲಿ ಮೀಯುತ್ತಿದ್ದವು, ಮನುಷ್ಯರು ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅವರವರ ಪಾಡಿಗೆ ಅವರವರು.

ಆ ದಡದಲ್ಲಿ ಸಣ್ಣೀರವ್ವ ಅಂತ ಒಬ್ಬ ಬಾಣಂತಿ ಇದ್ದಳು. ಜ್ವರ ಬಂದು ಅವಳ ಎದೆಹಾಲು ಬತ್ತಿಹೋಯಿತು. ಎರಡು ತಿಂಗಳ ಕೂಸು. ಅತ್ತೂ ಅತ್ತೂ ಅದರ ದನಿಯೇ ಸಣ್ಣಗಾಗುತ್ತಾ ಬಂತು. ಪಾಪ, ಅವಳು ಕೂಸನ್ನು ಎತ್ತಿಕೊಂಡು ಹೊಳೆಗೆ ಓಡಿದಳು.

“ಹೊಳೆಯವ್ವಾ, ನನ್ನ ಕೂಸಿಗೆ ಏನಾದ್ರೂ ಕೊಡು.”

“ನನ್ನ ಹತ್ರ ಇರೋದು ನೀರು ಕಣಮ್ಮ,” ಅಂದಿತು ಹೊಳೆ. “ಅಗೋ, ಅಲ್ಲಿ ಮಲಗಿದಾಳಲ್ಲ ಎಮ್ಮೆ, ಅವಳನ್ನ ಕೇಳು. ಅವಳೂ ಮೊನ್ನೆ ಕರು ಹಾಕಿದಾಳೆ.”

ಎಮ್ಮೆ ಎದ್ದು ಬಂತು. ಏನೂ ಕೇಳಲಿಲ್ಲ. ಮೊದಲು ಕರು ಕುಡಿಯಿತು, ಆಮೇಲೆ ಸಣ್ಣೀರವ್ವ ಒಂದು ಸೋರೆಬುರುಡೆ ತುಂಬ ಹಾಲು ಕರೆದುಕೊಂಡಳು. ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು.

ಮರುದಿನ ಅವಳಿಗೆ ದುರಾಸೆ ಹತ್ತಿತು. ದುರಾಸೆ ಅನ್ನಬಾರದೇನೋ, ಹೆತ್ತ ಕರುಳಿನ ಹೆದರಿಕೆ. ಕರುವೇ ಕುಡಿದುಬಿಟ್ಟರೆ ನನ್ನ ಕೂಸಿಗೆ ಸಾಲುತ್ತದೆಯೇ ಅಂತ ಬಳ್ಳಿ ಹೊಸೆದು, ಕರುವನ್ನು ದೂರದ ಹೊಂಗೆಮರಕ್ಕೆ ಕಟ್ಟಿದಳು. ಎಮ್ಮೆಯ ಮುಂದೆ ಹುಲ್ಲು ಹಾಕಿ ಕೆಚ್ಚಲಿಗೆ ಕೈ ಹಾಕಿದಳು. ಒಂದು ತೊಟ್ಟೂ ಇಳಿಯಲಿಲ್ಲ. ನೀವಿದಳು, ಪುಸಲಾಯಿಸಿದಳು, ಬೈದಳು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಕೂಸು ಮತ್ತೆ ಅಳತೊಡಗಿತು.

“ಹುಲ್ಲು ಹಾಕಿದೀನಿ. ನೀನು ನನ್ನ ಎಮ್ಮೆ ಅಲ್ವೇನೇ?”

“ನಾನು ನಿನ್ನ ಎಮ್ಮೆ ಅಲ್ಲ ಕಣಕ್ಕ. ನೀನೂ ಹೆತ್ತೋಳು, ನಾನೂ ಹೆತ್ತೋಳು. ಬೇಕೂಂತ ಬಿಗಿ ಹಿಡಿದಿಲ್ಲ. ನನ್ನ ಮಗು ಅಲ್ಲಿ ಕೂಗ್ತಿದ್ರೆ ಹಾಲು ಹೆಂಗೆ ಇಳಿದೀತು?”

ಜನ ಎಮ್ಮೆಯನ್ನು ಮೊದ್ದು ಅನ್ನುತ್ತಾರೆ. ಅನ್ನಲಿ. ಕೋಡು ಎತ್ತದೆ, ಕೋಪ ಮಾಡದೆ, ಇಷ್ಟು ನೆಟ್ಟಗೆ ಮಾತಾಡಿದವರನ್ನು ನಾನಂತೂ ಮನುಷ್ಯರಲ್ಲಿ ಕಂಡಿಲ್ಲ.

ಕರು ಕೂಗುತ್ತಿದ್ದುದು ಸಣ್ಣೀರವ್ವನ ಕಿವಿಗೆ ಆಗ ಬಿತ್ತು. ಅವಳ ಕೂಸೂ ಹಾಗೇ ಅಳುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಓಡಿಹೋಗಿ ಬಳ್ಳಿ ಬಿಚ್ಚಿದಳು. ಕರು ದಡಬಡ ಬಂದು ಕೆಚ್ಚಲಿಗೆ ಎರಡು ಸಲ ಗುದ್ದಿತು. ನಾಲ್ಕು ಮೊಲೆಗೂ ಹಾಲು ತುಂಬಿ ಬಂತು.

“ತಪ್ಪಾಯ್ತು ಕಣೇ,” ಅಂದಳು ಸಣ್ಣೀರವ್ವ.

“ಮೊದಲು ಅದರ ಬಾಯಿ, ಆಮೇಲೆ ನಿನ್ನ ಕೈ,” ಅಂದಿತು ಎಮ್ಮೆ. “ಇಬ್ಬರ ಮಕ್ಕಳೂ ಬದುಕ್ತವೆ.”

ಎರಡೂ ಬದುಕಿದವು, ಒಂದೇ ಹೊಳೆಯಲ್ಲಿ ಆಡಿ ಬೆಳೆದವು. ಅದಕ್ಕೇ ಪುಟ್ಟಾ, ಇವತ್ತಿಗೂ ನೀನು ಎಷ್ಟು ದೊಡ್ಡ ಚೊಂಬು ಹಿಡಿದು ಕೂತರೂ, ಕರು ಬಂದು ಗುದ್ದುವ ತನಕ ಎಮ್ಮೆ ಹಾಲು ಇಳಿಸುವುದಿಲ್ಲ.