ಲೆಟಿಸ್ ಕೇಳಿ ಪಡೆದ ದಾರ

ಕಥೆ ಹೇಳಿ ಅಭ್ಯಾಸವಿಲ್ಲ, ಎಲ್ಲಾದರೂ ಎಡವಿದರೆ ಕ್ಷಮಿಸಿ. ಒಂದು ಹಿತ್ತಲಲ್ಲಿ ಲೆಟಿಸ್ ಇತ್ತು. ಅಂದರೆ ಹಸಿಯಾಗಿಯೇ ತಿನ್ನುವ ಸೊಪ್ಪು. ಮನೆಯ ಸೊಸೆ ದಿನವೂ ಅದರ ಹೊರಗಿನ ಎಲೆಗಳನ್ನು ಕೀಳುತ್ತಿದ್ದಳು. ಪಕ್ಕದ ಟೊಮೆಟೊ ಹಣ್ಣನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅತ್ತೆ ವಾರಿಜಮ್ಮ ತಂಗಿಯ ಊರಿಗೆ ಹೋಗುವ ಮುಂಚೆ ಅದನ್ನು ಬೀಜಕ್ಕೆಂದು ಆರಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಿದ್ದರು. ದಾರ ಇದ್ದದ್ದನ್ನು ಯಾರೂ ಕೀಳಬಾರದೆಂಬುದು ಅವರ ಕಟ್ಟಪ್ಪಣೆ.

“ಅಣ್ಣಾ, ಆ ದಾರ ನನಗೆ ಕೊಡು. ದಿನಾ ಎಲೆ ಕೀಳಿಸಿಕೊಂಡು ಸಾಕಾಗಿದೆ,” ಎಂದಿತು ಲೆಟಿಸ್.

“ತಗೋ ತಮ್ಮಾ. ನನ್ನ ಓರಗೆಯವರೆಲ್ಲ ಅಡುಗೆಮನೆ ಸೇರಿದರು. ನಾನೊಬ್ಬನೇ ಇಲ್ಲಿ ಸುಕ್ಕುಗಟ್ಟಬೇಕೇ?” ಎಂದು ಟೊಮೆಟೊ ಬಾಗಿ ದಾರ ಜಾರಿಸಿತು.

ಬೆಳಗ್ಗೆ ಸೊಸೆ ಟೊಮೆಟೊ ಕಿತ್ತು ಹೆಚ್ಚಿದಳು. ಲೆಟಿಸ್ಸಿನ ಮೇಲೆ ದಾರ ಕಂಡು, “ದಾರ ಇದ್ದದ್ದನ್ನು ಕೀಳಬಾರದೆಂದು ಅತ್ತೆಯ ಅಪ್ಪಣೆ,” ಎಂದು ಬಿಟ್ಟುಬಿಟ್ಟಳು. ಲೆಟಿಸ್ ಹಿಗ್ಗಿನಿಂದ ಮೊಳದುದ್ದ ಬೆಳೆಯಿತು. ಬೆಳೆದಂತೆ ಎಲೆ ಕಹಿಯಾಯಿತು.

ಊರಿನಿಂದ ಮರಳಿದ ವಾರಿಜಮ್ಮ ಒಂದೆಲೆ ಅಗಿದು ಉಗಿದರು. “ನನ್ನ ಬೀಜದ ಹಣ್ಣೆಲ್ಲೇ? ಈ ಕಹಿಗೆ ದಾರ ಬೇರೆ ಕೇಡು!” ಎಂದು ಲೆಟಿಸ್ಸನ್ನು ಬೇರುಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಸೆದರು.

ನೀತಿ ಏನೆಂದರೆ, ಎಲೆ ಕೀಳುತ್ತಿದ್ದಷ್ಟು ದಿನವೂ ಲೆಟಿಸ್ ಬದುಕಿತ್ತು. ಅಂದರೆ, ಕೀಳುವ ಆ ಕೈಯೇ ಅದನ್ನು... ತಡೆಯಿರಿ, ಅಕ್ಕ ಕರೆಯುತ್ತಿದ್ದಾಳೆ. ಬಂದೆ ಅಕ್ಕಾ!