ಮಹಡಿಯಿಲ್ಲದ ಊರಿಗೆ ಬಂದ ಲಿಫ್ಟು

ಆಫ್ರಿಕಾದ ಒಂದು ದೊಡ್ಡ ಸರೋವರದ ದಡದಲ್ಲಿ, ಗುಡ್ಡಕ್ಕೆ ಅಂಟಿಕೊಂಡು, ಒಂದರ ಮೇಲೊಂದು ಬೀದಿಗಳಿದ್ದ ಕಿಬಾರೆ ಎಂಬ ಊರಿತ್ತು. ಹಡಗಿನಿಂದ ಇಳಿದ ಹೊಸ ಲಿಫ್ಟನ್ನು ಹೊತ್ತುಕೊಂಡ ಕೈಗಾಡಿಯ ಚಕ್ರ ಹೆಮ್ಮೆಯಿಂದ ನೆಲಕ್ಕೆ ತಾಗುತ್ತಿರಲಿಲ್ಲ. ಲಿಫ್ಟು ಮಾತ್ರ ಸುತ್ತ ನೋಡಿ ಮುಖ ಸಿಂಡರಿಸಿತು.

"ಬರೀ ತಗಡಿನ ಸೂರುಗಳು. ಮಹಡಿಯೇ ಇಲ್ಲದ ಊರಲ್ಲಿ ನನಗೇನು ಕೆಲಸ? ಈ ಊರು ಇನ್ನೂ ತಯಾರಾಗಿಲ್ಲ. ಸಂಜೆಯ ಹಡಗಿಗೆ ನನ್ನನ್ನು ವಾಪಸು ಹತ್ತಿಸು."

ಇದೊಂದು ಹಿಂದಿರುಗಿದರೆ ಇನ್ನೊಂದು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ಕೈಗಾಡಿಗೆ ಗೊತ್ತಿತ್ತು.

"ಆಗಲಿ ಸಾಹೇಬರೇ. ಅಲ್ಲಿಯವರೆಗೆ ಊರಾದರೂ ನೋಡಿ," ಎಂದು ಗುಡ್ಡ ಹತ್ತತೊಡಗಿತು.

ಮೊದಲ ತಿರುವಿನಲ್ಲೇ ಮೀನಿನ ಬುಟ್ಟಿಯೊಂದು ಲಿಫ್ಟಿನೊಳಕ್ಕೆ ಹಾರಿ ಕೂತಿತು. "ಸಂತೆ ಬೀದಿಗೆ ಬಿಡಪ್ಪ." ಹಿಂದೆಯೇ ಹೊಲಿಗೆ ಮಷೀನು ಹತ್ತಿತು. "ನಂದು ಮಸೀದಿ ಬೀದಿ." ಕೊನೆಗೆ ನುಗ್ಗಿದ ಮೇಕೆ, "ನಾನು ತುತ್ತತುದಿಗೆ. ಒಂಚೂರು ಸರೀರಿ," ಎಂದಿತು.

"ಇವರೆಲ್ಲ ಯಾರು?" ಲಿಫ್ಟು ಕೇಳಿತು.

"ದಿನಾ ಮೇಲೆ ಕೆಳಗೆ ಓಡಾಡುವವರು, ಸಾಹೇಬರೇ."

"ನಿಲ್ಲಿಸಪ್ಪ, ನನ್ನ ಬೀದಿ ಬಂತು," ಎಂದಿತು ಬುಟ್ಟಿ.

ಆ ಮಾತಿಗೆ ಲಿಫ್ಟಿನ ಮೈಯೆಲ್ಲ ಕಚಗುಳಿಯಾಯಿತು. ಮುಂದಿನ ತಿರುವಿನಲ್ಲಿ ಅದು ತಾನೇ ಕೂಗಿತು: "ಮಸೀದಿ ಬೀದಿ ಯಾರ್ರೀ ಇಳಿಯೋರು?"

ಅವರು ತುದಿ ಮುಟ್ಟಿ ಮೇಕೆ ಇಳಿಯುವ ಹೊತ್ತಿಗೆ, ಕೆಳಗೆ ಸಂಜೆಯ ಹಡಗು ಕೂಗಿತು. ಕೈಗಾಡಿ ಹಿಂಜರಿಯುತ್ತಲೇ ಕೇಳಿತು:

"ಕೆಳಗಿಳಿಸಲೇ, ಸಾಹೇಬರೇ?"

"ಬೇಗ ಇಳಿಸು," ಎಂದಿತು ಲಿಫ್ಟು. "ಕೆಳಗೆ ಇನ್ನೆಷ್ಟು ಜನ ಕಾಯುತ್ತಿದ್ದಾರೋ, ಹತ್ತಿಸಿಕೊಂಡು ಬರೋಣ."